ಮೂವತ್ತೊಂದು ನಿಮಿಷದ ಲೆಕ್ಕ: 'ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್' ಎರಡೂ ಕಟ್ ಪಕ್ಕಪಕ್ಕ ಇಟ್ಟು ನೋಡಿದ್ದು

ಝ್ಯಾಕ್ ಸ್ನೈಡರ್ ಅವರ 'ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್: ಡಾನ್ ಆಫ್ ಜಸ್ಟಿಸ್' 2016ರ ಮಾರ್ಚ್‌ನಲ್ಲಿ ಥಿಯೇಟರಿಗೆ ಬಂದಾಗ 151 ನಿಮಿಷ ಇತ್ತು. ಅದೇ ವರ್ಷ ಜೂನ್ ಕೊನೆಗೆ ಡಿಜಿಟಲ್‌ನಲ್ಲಿ, ಜುಲೈನಲ್ಲಿ ಡಿಸ್ಕ್‌ನಲ್ಲಿ ಬಂದ ಅಲ್ಟಿಮೇಟ್ ಎಡಿಷನ್ 182 ನಿಮಿಷ. ಎರಡರ ನಡುವಿನ 31 ನಿಮಿಷದ ಬಗ್ಗೆ ಅಭಿಮಾನಿಗಳಲ್ಲಿ ಎರಡು ಬಣ. ಒಂದು ಬಣಕ್ಕೆ ಇದು ಬೇರೆಯೇ ಸಿನಿಮಾ. ಇನ್ನೊಂದು ಬಣಕ್ಕೆ ಅದೇ ಸಿನಿಮಾ, ಅರ್ಧ ಗಂಟೆ ಜಾಸ್ತಿ ಕೂರಬೇಕು ಅಷ್ಟೆ. ನೆನಪಿನ ಮೇಲೆ ವಾದ ಮಾಡಿದರೆ ಇದು ಬಗೆಹರಿಯುವುದಿಲ್ಲ. ಎರಡನ್ನೂ ಶಾಟ್ ಶಾಟ್ ಹೋಲಿಸಿ, ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಟ್ಟೇ ತೀರ್ಮಾನಕ್ಕೆ ಬಂದೆ. ಹೋಲಿಸಿದ ರೀತಿಯನ್ನೂ ಕಂಡದ್ದನ್ನೂ ಕೆಳಗೆ ಬರೆದಿದ್ದೇನೆ.

ಮೊದಲ ಕೆಲಸ, ಕೈಯಲ್ಲಿರುವುದು ಯಾವ ಕಟ್, ಅಂದರೆ ಎಡಿಟ್ ಮಾಡಿದ ಯಾವ ಆವೃತ್ತಿ ಅಂತ ಖಚಿತ ಮಾಡಿಕೊಳ್ಳುವುದು. ಪೋಸ್ಟರ್, ಹೆಸರು ಯಾವುದನ್ನೂ ನಂಬಬೇಡಿ. ಅವಧಿ ನೋಡಿ: 2 ಗಂಟೆ 31 ನಿಮಿಷ ಇದ್ದರೆ ಥಿಯೇಟರ್ ಕಟ್, 3 ಗಂಟೆ 2 ನಿಮಿಷ ಇದ್ದರೆ ಅಲ್ಟಿಮೇಟ್. 2 ಗಂಟೆ 25 ನಿಮಿಷ ಅಂತ ತೋರಿಸಿದರೆ ಗಾಬರಿ ಬೇಡ. ಅದು ಸೆಕೆಂಡಿಗೆ 24 ಫ್ರೇಮ್ ಬದಲು 25 ಫ್ರೇಮ್ ಓಡಿಸಿದ ಪ್ಯಾಲ್ (ಒಂದು ಹಳೇ ಟಿವಿ ಪದ್ಧತಿ) ಪ್ರತಿ ಇರಬಹುದು. ಶೇ 4ರಷ್ಟು ವೇಗ ಹೆಚ್ಚಿದರೆ 151 ನಿಮಿಷ 145ಕ್ಕೆ ಇಳಿಯುತ್ತದೆ, 182 ನಿಮಿಷ ಸುಮಾರು 175 ಆಗುತ್ತದೆ. ಇಂಥ ಪ್ರತಿಯನ್ನು ಮೂಲ ವೇಗದ ಪ್ರತಿಯ ಪಕ್ಕ ಇಟ್ಟರೆ ಪ್ರತಿ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡ್ ಜಾರುತ್ತಾ ಹೋಗುತ್ತದೆ, ಎಲ್ಲ ದೃಶ್ಯವೂ ಬದಲಾದ ಹಾಗೆ ಕಾಣುತ್ತದೆ. ಟಿವಿಯಿಂದ ಹಿಡಿದ ಪ್ರತಿಯಂತೂ ಬೇಡವೇ ಬೇಡ. ವೇಗದ ತೊಂದರೆ ಜೊತೆಗೆ ಚಾನೆಲ್‌ನವರ ಕತ್ತರಿಯೂ ಸೇರಿರುತ್ತದೆ.

ಇನ್ನೊಂದು ಗೊಂದಲ 2021ರ ರೀಮಾಸ್ಟರ್‌ನದು, ಅಂದರೆ ಚಿತ್ರವನ್ನು ಮತ್ತೆ ಸಂಸ್ಕರಿಸಿ ಬಿಟ್ಟ ಪ್ರತಿಯದು. ಅದರಲ್ಲಿ ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಭಾಗಗಳು 1.43:1 (ಅಗಲಕ್ಕೆ ಎತ್ತರ) ಅನುಪಾತದಲ್ಲಿ ಮೇಲೆ ಕೆಳಗೆ ತೆರೆದುಕೊಳ್ಳುತ್ತವೆ, ಬಣ್ಣವನ್ನೂ ತಿದ್ದಿದ್ದಾರೆ. ಚಿತ್ರ ದೊಡ್ಡದಾಗಿ ಕಾಣುವುದರಿಂದ 'ಇದರಲ್ಲಿ ಹೊಸ ದೃಶ್ಯ ಸೇರಿಸಿದ್ದಾರೆ' ಅನ್ನುವವರಿದ್ದಾರೆ. ಸೇರಿಸಿಲ್ಲ, ಅದೇ ಅಲ್ಟಿಮೇಟ್ ಕಟ್. ಹೋಲಿಕೆಗೆ 2016ರ ಬಿಡುಗಡೆಯ ಎರಡು ಪ್ರತಿಗಳನ್ನೇ ಇಟ್ಟುಕೊಂಡರೆ ಬಣ್ಣದ ತಕರಾರು ಇರುವುದಿಲ್ಲ.

ಹೋಲಿಕೆ ಶುರು ಮಾಡುವುದು ಸಬ್‌ಟೈಟಲ್‌ನಿಂದ. ಎರಡೂ ಕಟ್‌ಗಳ ಎಸ್‌ಆರ್‌ಟಿ (ಸಬ್‌ಟೈಟಲ್‌ನ ಪಠ್ಯ) ಫೈಲ್ ತೆಗೆದುಕೊಂಡು, ಸಾಲಿನ ನಂಬರ್ ಮತ್ತು ಸಮಯ ಅಳಿಸಿ, ಬರೀ ಮಾತು ಉಳಿಸಿ, ಎರಡು ಪಠ್ಯ ಹೋಲಿಸುವ ಯಾವುದಾದರೂ ಟೂಲ್‌ಗೆ ಹಾಕಿ. ಒಂದರಲ್ಲಿ ಮಾತ್ರ ಇರುವ ಸಾಲುಗಳು ಬಣ್ಣದಲ್ಲಿ ಎದ್ದು ಕಾಣುತ್ತವೆ. ಎರಡೂ ಒಂದೇ ಬಗೆಯ ಸಬ್‌ಟೈಟಲ್ ಆಗಿರಬೇಕು. ಒಂದು ಸಾಮಾನ್ಯದ್ದು, ಇನ್ನೊಂದು ಕಿವಿ ಕೇಳದವರಿಗಾಗಿ ಮಾಡಿದ್ದು ಆದರೆ 'ಬಾಗಿಲು ಬಡಿದ ಸದ್ದು', 'ಗುಡುಗು' ಎಂಬ ಸಾಲುಗಳೆಲ್ಲ ಹೊಸ ದೃಶ್ಯದ ಹಾಗೆ ತೋರಿ ಪಟ್ಟಿ ಕೆಡುತ್ತದೆ. ಹತ್ತು ನಿಮಿಷದ ಈ ಕೆಲಸದಲ್ಲಿ ಮಾತಿರುವ ಬದಲಾವಣೆ ಬಹುಪಾಲು ಸಿಕ್ಕಿಬಿಡುತ್ತದೆ. ಸಿಗದೇ ಉಳಿಯುವುದು ಮಾತಿಲ್ಲದ್ದು, ಮತ್ತು ಈ ಸಿನಿಮಾದಲ್ಲಿ ತೂಕ ಇರುವುದೇ ಅಲ್ಲಿ.

ಅದಕ್ಕೆ ಎರಡನೇ ಸುತ್ತು. ಎರಡು ಪ್ಲೇಯರ್ ಪಕ್ಕಪಕ್ಕ ತೆರೆಯಿರಿ. ವಿಎಲ್‌ಸಿ ಎಂಬ ಪ್ಲೇಯರ್‌ನಲ್ಲಿ ಕಂಟ್ರೋಲ್ ಜೊತೆ ಟಿ ಒತ್ತಿದರೆ ಬೇಕಾದ ಸಮಯಕ್ಕೆ ನೇರ ಹೋಗಬಹುದು, ಇ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ, ಶಿಫ್ಟ್ ಜೊತೆ ಬಾಣದ ಕೀ ಒತ್ತಿದರೆ ಮೂರು ಸೆಕೆಂಡ್ ಹಿಂದೆ ಮುಂದೆ. ಹಾಳೆಯಲ್ಲಿ ನಾಲ್ಕು ಕಾಲಂ ಸಾಕು: ಗುರುತಿನ ಶಾಟ್, ಥಿಯೇಟರ್ ಕಟ್‌ನ ಸಮಯ, ಅಲ್ಟಿಮೇಟ್‌ನ ಸಮಯ, ಎರಡರ ವ್ಯತ್ಯಾಸ. ಗುರುತಿನ ಶಾಟ್ ಅಂದರೆ ಎರಡರಲ್ಲೂ ತಪ್ಪದೇ ಇರುವ, ಕಣ್ಣು ಮುಚ್ಚಿ ಹುಡುಕಬಹುದಾದ ಕ್ಷಣ. ಪಿಸ್ತೂಲಿಗೆ ಸಿಕ್ಕಿ ಮುತ್ತಿನ ಸರ ಹರಿಯುವುದು, ಬ್ರೂಸ್ (ಮುಖವಾಡವಿಲ್ಲದ ಬ್ಯಾಟ್‌ಮನ್) ಧೂಳಿನ ಮೋಡದೊಳಗೆ ಓಡುವುದು, ಖಳನಾಯಕ ಲೆಕ್ಸ್ ಮನೆಯ ಪಾರ್ಟಿ, ಬ್ಯಾಟ್‌ಮೊಬೀಲ್ ಸೂಪರ್‌ಮನ್‌ಗೆ ಡಿಕ್ಕಿ ಹೊಡೆಯುವುದು, ಕ್ಯಾಪಿಟಲ್ (ಅಮೆರಿಕದ ಸಂಸತ್ ಭವನ) ಸ್ಫೋಟ, ಕೊನೆಗೆ ಶವಪೆಟ್ಟಿಗೆ ಮೇಲಿನ ಮಣ್ಣು ಎದ್ದೇಳುವುದು.

ವ್ಯತ್ಯಾಸದ ಕಾಲಂ ಹೇಗೆ ಓದುವುದು ಅಂತ ಒಂದು ಕಾಲ್ಪನಿಕ ಉದಾಹರಣೆ. ಒಂದು ಗುರುತಿನಲ್ಲಿ ವ್ಯತ್ಯಾಸ 7 ನಿಮಿಷ 15 ಸೆಕೆಂಡ್, ಮುಂದಿನ ಗುರುತಿನಲ್ಲಿ 9 ನಿಮಿಷ ಅಂತಿಟ್ಟುಕೊಳ್ಳಿ. ಆ ಎರಡರ ನಡುವೆ 1 ನಿಮಿಷ 45 ಸೆಕೆಂಡ್ ಸೇರಿದೆ. ಸರಿಯಾಗಿ ಮಧ್ಯಕ್ಕೆ ಹೋಗಿ ಮತ್ತೆ ಅಳೆಯಿರಿ, ಮತ್ತೆ ಅರ್ಧ ಮಾಡಿ. ನಾಲ್ಕೈದು ಸಲ ಅರ್ಧ ಮಾಡುವಷ್ಟರಲ್ಲಿ ಸೇರಿದ ಜಾಗ ಸಿಗುತ್ತದೆ. ವ್ಯತ್ಯಾಸ ಕಡಿಮೆಯಾದರೆ ಅಲ್ಟಿಮೇಟ್‌ನಲ್ಲಿ ಏನೋ ಕತ್ತರಿಸಿದ್ದಾರೆ ಅಥವಾ ದೃಶ್ಯದ ಜಾಗ ಬದಲಿಸಿದ್ದಾರೆ ಎಂದರ್ಥ. ಎಂಡ್ ಟೈಟಲ್ಸ್ ಲೆಕ್ಕಕ್ಕೆ ತರಬೇಡಿ, ಕೊನೆಯ ಗುರುತು ಆ ಮಣ್ಣಿನ ಶಾಟೇ ಇರಲಿ. ಎಲ್ಲ ಗುರುತೂ ಒಂದೇ ದಿನ ಮುಗಿಸಲು ಹೋದರೆ ಕಣ್ಣು ಸೋತು ತಪ್ಪು ಬರೆಯುತ್ತೀರಿ. ದಿನಕ್ಕೆ ಸಿನಿಮಾದ ಮುಕ್ಕಾಲು ಗಂಟೆ ಮಾಡಿದರೆ ಹೆಚ್ಚು.

ಹೀಗೆ ಅಳೆದಾಗ ಮೊದಲು ಕಾಣುವುದು, ಸೇರಿದ ಭಾಗ ಸಮನಾಗಿ ಹರಡಿಲ್ಲ ಅನ್ನುವುದು. ಮುತ್ತಿನ ಸರದಿಂದ ಮೆಟ್ರೊಪೊಲಿಸ್ ನಗರ ಕುಸಿಯುವವರೆಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕಥೆ ಆಫ್ರಿಕಾದ ನೈರೋಮಿ ಎಂಬ ಕಾಲ್ಪನಿಕ ಜಾಗಕ್ಕೆ ಬಂದ ಕೂಡಲೇ ಜಿಗಿತ. ಅಲ್ಲಿಂದ ಕ್ಯಾಪಿಟಲ್ ಸ್ಫೋಟ, ಅದರ ತನಿಖೆಯವರೆಗೆ ಕಾಲಂ ಏರುತ್ತಲೇ ಹೋಗುತ್ತದೆ. ಇಬ್ಬರೂ ಹೊಡೆದಾಡಲು ನಿಂತ ಮೇಲೆ ಹೆಚ್ಚುಕಮ್ಮಿ ನಿಂತುಬಿಡುತ್ತದೆ, ಕೊನೆಯ ಶವಸಂಸ್ಕಾರ ಮತ್ತು ಜೈಲಿನ ದೃಶ್ಯಗಳಲ್ಲಿ ಮತ್ತೆ ಸ್ವಲ್ಪ ಏರುತ್ತದೆ. ಅಂದರೆ ಥಿಯೇಟರಿಗಾಗಿ ಕತ್ತರಿಸುವಾಗ ಹೊಡೆದಾಟ ಉಳಿಸಿಕೊಂಡು ಕಾರಣಗಳನ್ನು ತೆಗೆದಿದ್ದಾರೆ.

ನೈರೋಮಿಯನ್ನೇ ಹತ್ತಿರದಿಂದ ನೋಡಿ. ಥಿಯೇಟರ್ ಕಟ್‌ನಲ್ಲಿ ಪತ್ರಕರ್ತೆ ಲೋಯಿಸ್ ಲೇನ್ ಜೊತೆ ಬಂದ ಫೋಟೋಗ್ರಾಫರ್‌ನನ್ನು ಕೊಲ್ಲುತ್ತಾರೆ, ಬಾಡಿಗೆ ಬಂಟರು ಗುಂಡು ಹಾರಿಸಿ ಹೋಗುತ್ತಾರೆ, ಸೂಪರ್‌ಮನ್ ಬರುತ್ತಾನೆ. ಮುಂದಿನ ದೃಶ್ಯಗಳಲ್ಲಿ ಲೋಕವೆಲ್ಲ ಆ ಸಾವುಗಳಿಗೆ ಸೂಪರ್‌ಮನ್ ಹೊಣೆ ಅನ್ನುತ್ತದೆ. ಗುಂಡು ಬಿದ್ದ ಹೆಣಗಳಿಗೆ ಹಾರುವ ಮನುಷ್ಯ ಹೇಗೆ ಹೊಣೆಯಾದ? ಅಭಿಮಾನಿಗಳು ಮೊದಲ ದಿನದಿಂದ ಕೇಳಿದ ಪ್ರಶ್ನೆ ಇದು. ಅಲ್ಟಿಮೇಟ್‌ನಲ್ಲಿ ಬಂಟರು ಹೆಣಗಳನ್ನು ರಾಶಿ ಹಾಕಿ ಬೆಂಕಿ ಉಗುಳುವ ಯಂತ್ರದಿಂದ ಸುಡುವುದನ್ನು ತೋರಿಸುತ್ತಾರೆ. ಸುಟ್ಟ ಹೆಣ ನೋಡಿದವರಿಗೆ ಸೂಪರ್‌ಮನ್ ಕಣ್ಣಿನ ಉರಿ ನೆನಪಾಗಲಿ ಅಂತಲೇ ಹೂಡಿದ ಆಟ. ಇಷ್ಟಾದರೆ ಸೆನೆಟ್ ವಿಚಾರಣೆಗೆ ಬುಡ ಸಿಗುತ್ತದೆ. ಅಲ್ಲಿ ಸಾಕ್ಷಿ ಹೇಳಿದ ಕಹೀನಾ ಝೀರಿಯ ಕಥೆಯೂ ಪೂರ್ತಿಯಾಗುತ್ತದೆ. ತನ್ನಿಂದ ಸುಳ್ಳು ಹೇಳಿಸಿದರು ಎಂದು ಆಕೆ ಸೆನೆಟರ್ ಫಿಂಚ್ ಮುಂದೆ ಒಪ್ಪಿಕೊಳ್ಳುತ್ತಾಳೆ, ಆಮೇಲೆ ಆಕೆಯನ್ನು ರೈಲಿನ ಮುಂದೆ ತಳ್ಳಿ ಕೊಲ್ಲುತ್ತಾರೆ. ಥಿಯೇಟರ್ ಕಟ್‌ನಲ್ಲಿ ಆಕೆ ಬಂದಳು, ಮಾತಾಡಿದಳು, ಮಾಯವಾದಳು. ಸತ್ತ ಫೋಟೋಗ್ರಾಫರ್ ಜಿಮ್ಮಿ ಓಲ್ಸನ್ ಅಂತ ಹೆಸರು ಕಿವಿಗೆ ಬೀಳುವುದೂ ಅಲ್ಟಿಮೇಟ್‌ನಲ್ಲೇ.

ಎರಡನೆಯದು ಗಾಲಿಕುರ್ಚಿ. ಮೆಟ್ರೊಪೊಲಿಸ್ ಕುಸಿದಾಗ ಕಾಲು ಕಳೆದುಕೊಂಡು, ಕ್ಯಾಪಿಟಲ್‌ನ ವಿಚಾರಣೆಗೆ ಬಂದ ವಾಲೆಸ್ ಕೀಫ್ ಕೂತ ಗಾಲಿಕುರ್ಚಿಯಲ್ಲಿ ಬಾಂಬ್ ಇತ್ತು, ಸೂಪರ್‌ಮನ್ ಅದೇ ಕೋಣೆಯಲ್ಲಿದ್ದ, ಗೋಡೆಯಾಚೆ ಕಾಣುವ ಕಣ್ಣಿಗೆ ಅದು ಕಾಣಲಿಲ್ಲ. ಥಿಯೇಟರ್‌ನಲ್ಲಿ ಇದಕ್ಕೆ ವಿವರಣೆಯೇ ಇಲ್ಲ, ಆತನನ್ನು ದಡ್ಡ ಅಂದುಕೊಂಡು ಎದ್ದು ಬರಬೇಕು. ಅಲ್ಟಿಮೇಟ್‌ನಲ್ಲಿ ಜೀನಾ ಮ್ಯಾಲೋನ್ ಮಾಡಿದ ಜೆನೆಟ್ ಕ್ಲೈಬರ್ನ್ ಪಾತ್ರ ಬಂದು, ಕುರ್ಚಿಗೆ ಒಳಗಿನಿಂದ ಸೀಸದ ಹೊದಿಕೆ ಇತ್ತು ಎನ್ನುತ್ತದೆ. ಸೀಸದಾಚೆ ಸೂಪರ್‌ಮನ್‌ಗೆ ಕಾಣದು ಅನ್ನುವುದು ಕಾಮಿಕ್ಸ್ ಓದಿದವರಿಗೆಲ್ಲ ಗೊತ್ತು. ಜೊತೆಗೆ ಲೋಯಿಸ್ ಕೀಫ್‌ನ ಮನೆಗೆ ಹೋಗಿ ಹೊಸದಾಗಿ ತಂದಿಟ್ಟ ದಿನಸಿ ನೋಡುತ್ತಾಳೆ. ಸಾಯಲು ಹೊರಟವನು ದಿನಸಿ ತರುವುದಿಲ್ಲ. ಜೆನೆಟ್ ಪಾತ್ರವನ್ನು ಥಿಯೇಟರ್ ಕಟ್‌ನಿಂದ ಪೂರ್ತಿ ಕಿತ್ತು ಹಾಕಿದ್ದರು. ಆಕೆ ಬ್ಯಾಟ್‌ಮನ್‌ನ ಜೊತೆಗಾರರಾದ ರಾಬಿನ್ ಆಗಿರಬೇಕು, ಬ್ಯಾಟ್‌ಗರ್ಲ್ ಆಗಿರಬೇಕು ಅಂತ ತಿಂಗಳುಗಟ್ಟಲೆ ಊಹಿಸಿದವರಿಗೆ ಸಿಕ್ಕಿದ್ದು ಸೀಸದ ವರದಿ!

ಬಾಲ್ಕನಿಯಲ್ಲಿ ಸೂಪರ್‌ಮನ್ ಲೋಯಿಸ್ ಹತ್ತಿರ, ತಾನು ನೋಡಲಿಲ್ಲ, ನೋಡುವ ಮನಸ್ಸೇ ಇರಲಿಲ್ಲವೇನೋ ಅಂತ ಹಳಹಳಿಸುವ ಮಾತು ಎರಡೂ ಕಟ್‌ನಲ್ಲಿದೆ. ಸಬ್‌ಟೈಟಲ್ ಹೋಲಿಕೆಯಲ್ಲಿ ಅದು ಬದಲಾವಣೆಯಾಗಿ ಬರುವುದೇ ಇಲ್ಲ. ಆದರೂ ಥಿಯೇಟರ್‌ನಲ್ಲಿ ಅದು ತಪ್ಪೊಪ್ಪಿಗೆ, ಸೀಸದ ವಿಷಯ ಗೊತ್ತಾದ ಪ್ರೇಕ್ಷಕನಿಗೆ ಅದು ಮಾಡದ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವವನ ಮಾತು. ಸ್ಫೋಟವಾದ ಕೂಡಲೇ ಸೂಪರ್‌ಮನ್ ಗಾಯಾಳುಗಳನ್ನು ಹೊರಗೆ ಎತ್ತಿ ತರುವ ಕೆಲವೇ ಸೆಕೆಂಡುಗಳ ಶಾಟ್‌ಗಳೂ ಹಾಗೆಯೇ. ಅವಿಲ್ಲದಿದ್ದರೆ ಆತ ಬೆಂಕಿ ನೋಡಿ ಹಾರಿಹೋದವನು. ನನ್ನ ಹಾಳೆಯಲ್ಲಿ ಸಮಯದ ಲೆಕ್ಕಕ್ಕೆ ಅತಿ ಸಣ್ಣದು, ಪಾತ್ರದ ಲೆಕ್ಕಕ್ಕೆ ಅತಿ ದೊಡ್ಡದು ಅಂತ ಬರೆದುಕೊಂಡ ಸಾಲು ಇದೇ.

ಕ್ಲಾರ್ಕ್ ಕೆಂಟ್ (ಪತ್ರಕರ್ತನ ವೇಷದ ಸೂಪರ್‌ಮನ್) ಬ್ಯಾಟ್‌ಮನ್‌ನ ಊರಾದ ಗಾಥಮ್‌ನ ಬೀದಿಗಳಲ್ಲಿ ಬ್ಯಾಟ್‌ಮನ್ ಬಗ್ಗೆ ವಿಚಾರಿಸುತ್ತಾ ಓಡಾಡುವುದು, ಬ್ಯಾಟ್‌ಮನ್‌ನಿಂದ ಬರೆ ಹಾಕಿಸಿಕೊಂಡ ಕೈದಿ ಜೈಲಿನಲ್ಲಿ ಕೊಲೆಯಾಗುವುದು, ಅವನ ಮನೆಯವಳ ನೋವು, ಇವೂ ಅಲ್ಟಿಮೇಟ್‌ನವು. ಬ್ಯಾಟ್‌ಮನ್ ಮೇಲೆ ಕ್ಲಾರ್ಕ್‌ಗೆ ಸಿಟ್ಟು ಯಾಕೆ ಅನ್ನುವುದಕ್ಕೆ ಇವೇ ಉತ್ತರ.

ಇಲ್ಲಿಂದ ಮುಂದೆ ಅಭಿಪ್ರಾಯಗಳ ಲೆಕ್ಕ. ಸಿನಿಮಾದ ಮೇಲೆ ಜನ ಹೇಳುವ ದೂರುಗಳನ್ನು ಒಂದೊಂದೇ ಸಾಲಿಗೆ ಬರೆದು, ಮುಂದೆ 'ಸರಿಹೋಯಿತು', 'ಅರ್ಧ', 'ಹಾಗೇ ಇದೆ' ಎಂದು ಗುರುತು ಹಾಕಿ. 'ಅಲ್ಟಿಮೇಟ್ ಎಲ್ಲ ಸರಿಮಾಡಿತು' ಅನ್ನುವವರು ಮೊದಲ ಗುಂಪನ್ನು ಮಾತ್ರ ಎಣಿಸುತ್ತಾರೆ, 'ಏನೂ ಬದಲಾಗಿಲ್ಲ' ಅನ್ನುವವರು ಕೊನೆಯದನ್ನು. ನೈರೋಮಿ, ಸಾಕ್ಷಿ, ಗಾಲಿಕುರ್ಚಿ, ಕ್ಲಾರ್ಕ್‌ನ ಸಿಟ್ಟು ಸರಿಹೋದವು. ಲೆಕ್ಸ್‌ನ ಸಂಚು ಅರ್ಧ: ಕೊಂಡಿಗಳು ಕಾಣುತ್ತವೆ, ಆದರೆ ಸೂಪರ್‌ಮನ್ ಯಾರೆಂದು ಅವನಿಗೆ ತಿಳಿದದ್ದು ಹೇಗೆ ಅನ್ನುವುದಕ್ಕೆ ಎರಡರಲ್ಲೂ ನೇರ ಉತ್ತರ ಇಲ್ಲ. ಇಬ್ಬರ ತಾಯಂದಿರಿಗೂ ಇರುವ 'ಮಾರ್ಥಾ' ಎಂಬ ಹೆಸರು ಕೇಳಿ ಜಗಳ ನಿಲ್ಲುವುದು, ಡಯಾನಾ (ವಂಡರ್ ವುಮನ್) ಕಂಪ್ಯೂಟರ್ ಮುಂದೆ ಕೂತು ಮುಂದಿನ ಸಿನಿಮಾದ ಹೀರೋಗಳನ್ನು ನೋಡುವುದು, ಬ್ಯಾಟ್‌ಮನ್ ಜನರನ್ನು ಕೊಲ್ಲುವುದು ಹಾಗೇ ಇವೆ. ಹಾಗೇ ಏನು, ಆರ್ ರೇಟಿಂಗ್ (ಅಮೆರಿಕದಲ್ಲಿ ಹೆಚ್ಚುಕಮ್ಮಿ ದೊಡ್ಡವರಿಗೆ ಅಂತ ಕೊಡುವ ಗುರುತು) ಬಂದ ಮೇಲೆ ರಕ್ತ ಇನ್ನಷ್ಟು ಜಾಸ್ತಿ. 'ಮಾರ್ಥಾ' ಬೇಸರ ಮಾಡಿದವರಿಗೆ ಅಲ್ಟಿಮೇಟ್ ತೋರಿಸಿ ಮನಸ್ಸು ಬದಲಿಸುತ್ತೇನೆ ಅಂತ ಹೊರಟರೆ ಮೂರು ಗಂಟೆ ನೀರಿನಲ್ಲಿ ಹೋಮ.

ಪಟ್ಟಿ ಮಾಡುವಾಗ ನೆನಪನ್ನು ನಂಬಬೇಡಿ. ಕ್ರಿಪ್ಟಾನ್ (ಸೂಪರ್‌ಮನ್ ಹುಟ್ಟಿದ ಗ್ರಹ) ಹಡಗಿನೊಳಗೆ ಲೆಕ್ಸ್ ಎದುರು ಅನ್ಯಲೋಕದ ಖಳ ಸ್ಟೆಪೆನ್‌ವುಲ್ಫ್ ಕಾಣಿಸಿಕೊಳ್ಳುವ ದೃಶ್ಯವನ್ನು ಥಿಯೇಟರ್ ಬಿಡುಗಡೆಯಾದ ಕೆಲವೇ ದಿನದಲ್ಲಿ ಸ್ಟುಡಿಯೋ ಆನ್‌ಲೈನ್‌ನಲ್ಲಿ ಬಿಟ್ಟಿತ್ತು. ಹಾಗಾಗಿ 'ನಾನು ಥಿಯೇಟರ್‌ನಲ್ಲೇ ನೋಡಿದ್ದೆ' ಅನ್ನುವವರು ಸಿಗುತ್ತಾರೆ. ಅದು ಥಿಯೇಟರ್ ಕಟ್‌ನಲ್ಲಿಲ್ಲ, ಅಲ್ಟಿಮೇಟ್‌ನಲ್ಲಿದೆ. ಜೈಲಿನಲ್ಲಿ ಬ್ಯಾಟ್‌ಮನ್ ಲೆಕ್ಸ್‌ಗೆ ಅರ್ಕಮ್ ಮಾನಸಿಕ ಆಸ್ಪತ್ರೆಯ ಹೆಸರು ಹೇಳುವುದೂ ಅಷ್ಟೇ. ಇಂಗ್ಲಿಷ್ ಬಿಟ್ಟು ಹಿಂದಿ, ತಮಿಳು, ತೆಲುಗು ಡಬ್ಬಿಂಗ್‌ನಲ್ಲಿ ನೋಡಿದವರ ಜೊತೆ ಮಾತಿನ ಸಾಲು ಹಿಡಿದು ವಾದಿಸಬೇಡಿ, ಶಾಟ್ ಹಿಡಿದು ವಾದಿಸಿ.

ಈ ಸಿನಿಮಾ ಇನ್ನೂ ನೋಡದವರಿಗೆ ನಾನು ಅಲ್ಟಿಮೇಟನ್ನೇ ಹಾಕಿ ಕೊಡುವುದು. ಥಿಯೇಟರ್ ಕಟ್ ಮೊದಲು ನೋಡಿದರೆ ಪ್ರಶ್ನೆಗಳು ಮನಸ್ಸಿನಲ್ಲಿ ಕೂತು, ಎರಡನೇ ಸಲ ಸಿನಿಮಾ ನೋಡುವ ಬದಲು ಉತ್ತರ ಹುಡುಕುತ್ತಾ ಕೂರುತ್ತಾರೆ. ಒಂದೇ ಉಸಿರಿಗೆ ಮೂರು ಗಂಟೆ ಕೂರಿಸಬೇಡಿ. ಇಂಟರ್‌ವಲ್ ಬೇಕಾದರೆ ಕ್ಯಾಪಿಟಲ್ ಸ್ಫೋಟದ ನಂತರ, ಗಾಯಾಳುಗಳನ್ನು ಹೊರಗೆ ತಂದ ಶಾಟ್ ಮುಗಿದ ಮೇಲೆ ನಿಲ್ಲಿಸಿ. ಅದಕ್ಕೂ ಮುಂಚೆ ನಿಲ್ಲಿಸಿದರೆ ಕಾಫಿ ಕುಡಿಯುವ ಹೊತ್ತಿಗೆ 'ಅವನ್ಯಾಕೆ ಸುಮ್ಮನೆ ನಿಂತಿದ್ದ?' ಎಂಬ ಹಳೇ ಜಗಳವೇ ಶುರುವಾಗುತ್ತದೆ.