ಆಲೂರು ತಾತನಿಗೆ ಕಫ ಕಟ್ಟಲಿಲ್ಲ: ನನ್ನ ಅನುಭವ

ಆಲೂರು ಕಡೆಯ ತಾತನಿಗೆ ಲಕ್ವ ಹೊಡೆದು ಮೂರು ತಿಂಗಳಾಯಿತು. ಒಂದು ದಿನವೂ ಎದೆಯಲ್ಲಿ ಕಫ ಕಟ್ಟಲಿಲ್ಲ (ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು ಆಗಲಿಲ್ಲ), ಮೂತ್ರದ ಸೋಂಕೂ ಬರಲಿಲ್ಲ. ಹಾಸನದ ಸುತ್ತ ಹೋಂ ನರ್ಸ್ ಕೆಲಸ ಮಾಡುವ ನಮ್ಮವರೇ ಇದನ್ನು ನಂಬುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಎರಡು ಸಲ ಸೋತಿದ್ದೇನೆ. ಅದರಲ್ಲಿ ಒಂದು ಹೇಳುತ್ತೇನೆ. ಅರಸೀಕೆರೆ ಕಡೆಯ ಒಬ್ಬ ಅಮ್ಮ ಲಕ್ವ ಹೊಡೆದ ನಾಲ್ಕನೇ ದಿನ ಚೆನ್ನಾಗೇ ಇದ್ದರು. ನಾನು ಊಟಕ್ಕೆ ಎದ್ದಾಗ ನೆಂಟರೊಬ್ಬರು ಮಲಗಿಸಿಕೊಂಡೇ ಮೆಣಸಿನ ಕಷಾಯ ಕುಡಿಸಿದರು. ಅಮ್ಮ ಕೆಮ್ಮಲೂ ಇಲ್ಲ. ಕೆಮ್ಮದಿದ್ದರೆ ಸರಿಯಾಗಿ ನುಂಗಿದ ಹಾಗೆ ಅಂತ ನಾನೂ ಸುಮ್ಮನಾದೆ. ಅದೇ ತಪ್ಪು, ಲಕ್ವದವರಿಗೆ ಕೆಮ್ಮು ಬರದೇನೂ ಶ್ವಾಸಕೋಶಕ್ಕೆ ಇಳಿಯಬಹುದು. ಮಾರನೇ ದಿನ ಜ್ವರ, ಆಮೇಲೆ ಐಸಿಯು. ಎಂಟು ದಿನಕ್ಕೆ ಲಕ್ಷದ ಹತ್ತಿರ ಖರ್ಚಾಯಿತು. ಅಮ್ಮ ಉಳಿಯಲಿಲ್ಲ.

ಲಕ್ವದಲ್ಲಿ ಮೆದುಳಿಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಲಿಂಫೋಸೈಟ್ (ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣ) ಇಳಿಯುತ್ತೆ, ಕಾರ್ಟಿಸೋಲ್ (ಒತ್ತಡದ ಹಾರ್ಮೋನು) ಏರುತ್ತೆ. ಮೊದಲ ವಾರವಂತೂ ಸೋಂಕಿನ ವಿರುದ್ಧ ಮೈಯ ಕಾವಲು ಕಮ್ಮಿ ಇರುತ್ತೆ. "ಮೊದಲೇ ಆಂಟಿಬಯೋಟಿಕ್ ಹಾಕಿಸಿಬಿಡಿ ಸಿಸ್ಟರ್, ಬಾಯಿ ಒರೆಸೋಕೆ ದಿನಕ್ಕೆ ಸಾವಿರ ಕೊಡಬೇಕಾ?" ಅಂದರು ತಾತನ ಮಗ. ನೆದರ್‌ಲ್ಯಾಂಡ್ಸ್‌ನಲ್ಲಿ ಎರಡೂವರೆ ಸಾವಿರ ಲಕ್ವದ ರೋಗಿಗಳಲ್ಲಿ ಅರ್ಧ ಜನಕ್ಕೆ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ ಮೊದಲೇ ಕೊಟ್ಟು ನೋಡಿದ್ದಾರೆ. 2015ರಲ್ಲಿ ಫಲಿತಾಂಶ ಬಂತು. ಮೂತ್ರದ ಸೋಂಕು ಕಮ್ಮಿಯಾಯಿತು, ನ್ಯುಮೋನಿಯಾ ಕಮ್ಮಿಯಾಗಲಿಲ್ಲ. ಅದನ್ನೇ ಹೇಳಿ, ಬಾಯಿಯ ಕೊಳೆ ಎದೆಗೆ ಇಳಿಯದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಒಂದು ವಾರ ಟೈಮ್ ಕೇಳಿದೆ.

ಮೊದಲ ಬೆಳಿಗ್ಗೆ ಬೆರಳಿಗೆ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟೋ ತೆಳು ಬಟ್ಟೆ) ಸುತ್ತಿ, ಒದ್ದೆ ಮಾಡಿ, ಹಿಂಡಿ, ಬಿದ್ದುಹೋದ ಕಡೆಯ ಕೆನ್ನೆಯೊಳಗೆ ತಿರುಗಿಸಿದೆ. ರಾತ್ರಿಯ ಅನ್ನದ ಅಗುಳು ನಾಲ್ಕು ಬಂತು, ಹಳದಿ ಲೋಳೆ ಮೆತ್ತಿಕೊಂಡು. ಮಗನಿಗೆ ತೋರಿಸಿದೆ. ಆಮೇಲೆ ಅವರು ದುಡ್ಡಿನ ಮಾತೆತ್ತಲಿಲ್ಲ. ದಿನಕ್ಕೆ ನಾಲ್ಕು ಸಲ ಒರೆಸೋದು, ಎರಡು ಸಲ ಮಕ್ಕಳ ಬ್ರಷ್. ಬಟ್ಟೆ, ಬ್ರಷ್‌ಗೆ ಇಡೀ ವಾರಕ್ಕೆ ಮುನ್ನೂರು ರೂಪಾಯಿ ದಾಟಿಲ್ಲ.

ನುಂಗೋದನ್ನು ಪರೀಕ್ಷೆ ಮಾಡಿಸಿದ ಮೇಲೇ ಬಾಯಿಗೆ ಏನಾದರೂ, ಅದೂ ನೆಟ್ಟಗೆ ಕೂರಿಸಿ. ತಿಂದ ಮೇಲೂ ಅರ್ಧ ಗಂಟೆ ಮಲಗಿಸಲ್ಲ. ತೆಳು ನೀರು ಬೇಗ ಶ್ವಾಸನಾಳಕ್ಕೆ ಇಳಿಯುತ್ತೆ ಅಂತ ಗಟ್ಟಿ ಮಾಡಿ ಕೊಡಬೇಕಿತ್ತು. ಅಂಗಡಿಯ ಗಟ್ಟಿ ಮಾಡುವ ಪುಡಿ ಡಬ್ಬಿಗೆ ಏಳೆಂಟು ನೂರು, ನಾಲ್ಕೇ ದಿನ ಬಂತು. ಡಾಕ್ಟರನ್ನು ಕೇಳಿ ಸಬ್ಬಕ್ಕಿ ಗಂಜಿ ಮಾಡಿದೆ, ಅರ್ಧ ಬಟ್ಟಲು ಮುಗಿಯೋದರೊಳಗೆ ನೀರಾಯಿತು. ರಾಗಿ ಅಂಬಲಿಯೂ ಹಾಗೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಎಂಜಲು ಚಮಚ ಮತ್ತೆ ಬಟ್ಟಲಿಗೆ ಹಾಕುತ್ತಿದ್ದೆ. ಎಂಜಲು ಗಂಜಿಯನ್ನು ಕರಗಿಸುತ್ತೆ. ಈಗ ಎರಡು ಚಮಚ, ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಡಿಸೋದು. ಅಂಬಲಿ ಹದ ಬಿಡದ ಹಾಗೆ ಇನ್ನೊಂದು ಮಾಡುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಕಣ್ಣಿಂದ ನೋಡಿಯೇ ಕಲಿಯಬೇಕು.

ಇನ್ನು ಮೂತ್ರದ ಸೋಂಕು. ಕ್ಯಾತಿಟರ್ (ಮೂತ್ರಕೋಶಕ್ಕೆ ಹಾಕೋ ನಳಿಗೆ) ಇಟ್ಟುಕೊಂಡೇ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು, ಅದರಿಂದಲೇ ಸೋಂಕು ಬರಬಹುದು. ಡಾಕ್ಟರನ್ನು ಕಾಡಿ ಐದನೇ ದಿನ ತೆಗೆಸಿದೆ. ಹೊರಗಿಂದ ತೊಡಿಸೋ ಕಾಂಡೋಮ್ ಕ್ಯಾತಿಟರ್ ಹಾಕಿ ನೋಡಿದೆ, ರಾತ್ರಿ ಎರಡು ಸಲ ಕಿತ್ತುಬಂದು ಹಾಸಿಗೆಯೆಲ್ಲ ಒದ್ದೆ. ಡೈಪರ್‌ಗೇ ಬಂದೆವು, ದಿನಕ್ಕೆ ನೂರೈವತ್ತು ರೂಪಾಯಿ ಜಾಸ್ತಿ ಆಯಿತು.

ಥರ್ಮಾಮೀಟರನ್ನೇ ನಂಬಿ ಕೂರಬೇಡಿ. ವಯಸ್ಸಾದವರಿಗೆ ಜ್ವರ ಬರದೇನೂ ಸೋಂಕು ಇರುತ್ತೆ. ನಾನು ಉಸಿರು ಎಣಿಸಿ ನೋಟ್‌ಬುಕ್ಕಲ್ಲಿ ಬರೆಯುತ್ತೇನೆ. ಆರನೇ ರಾತ್ರಿ ನಿಮಿಷಕ್ಕೆ 24ಕ್ಕೆ ಏರಿತು, ತಾತ ಮಂಕಾಗಿದ್ದರು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿಸಿದೆ. ಬೆಳಿಗ್ಗೆ ಎಕ್ಸ್‌ರೇ ತೆಗೆಸಿದಾಗ ಎದೆ ಕ್ಲಿಯರ್ ಇತ್ತು. ಆ ಎಕ್ಸ್‌ರೇ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ.