ಬ್ಯಾಗಿನಲ್ಲಿ ಎರಡು ಹೋಸ್ಟ್: ಬ್ರಸೆಲ್ಸ್‌ನಲ್ಲಿ ನನ್ನ ಲೈವ್ ಮೈಗ್ರೇಶನ್ ಡೆಮೊ

"ಲೈವ್ ಡೆಮೊ ಸಹವಾಸ ಬೇಡ ಗುರೂ, ರೆಕಾರ್ಡಿಂಗ್ ಹಾಕಿ ಕೈ ತೊಳ್ಕೋ." ಪ್ರೊಪೋಸಲ್ ಒಪ್ಪಿದ್ದಾರೆ ಅಂದ ತಕ್ಷಣ ಟೀಮಿನಲ್ಲಿ ಎಲ್ಲರೂ ಹೇಳಿದ್ದು ಇದನ್ನೇ. ಲೈವ್ ಮೈಗ್ರೇಶನ್ ಅಂದರೆ ಓಡುತ್ತಿರುವ ವಿಎಂ ಅನ್ನು (ವರ್ಚುವಲ್ ಮೆಷಿನ್, ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ನಿಲ್ಲಿಸದೆ ಒಂದು ಹೋಸ್ಟ್‌ನಿಂದ, ಅಂದರೆ ಅದನ್ನು ಹೊತ್ತ ಮೆಷಿನ್‌ನಿಂದ, ಇನ್ನೊಂದಕ್ಕೆ ಸಾಗಿಸೋದು. ನಾನು ಬರೆದು ಕಳಿಸಿದ್ದು ಬರೀ ಅದಲ್ಲ. ಪೋಸ್ಟ್‌ಕಾಪಿ (ವಿಎಂ ಮೊದಲು ಹೊಸ ಹೋಸ್ಟ್‌ನಲ್ಲಿ ಓಡತೊಡಗುತ್ತದೆ, ಉಳಿದ ಮೆಮೊರಿ ಆಮೇಲೆ ಬರುತ್ತದೆ) ಅರ್ಧಕ್ಕೆ ಬಂದಾಗ ಎಲ್ಲರೆದುರು ಕೇಬಲ್ ಕಿತ್ತು, ಆಮೇಲೆ ಅದೇ ವಿಎಂ ಉಳಿಸಿ ತೋರಿಸ್ತೀನಿ ಅಂತ. 2025ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನ ಫೋಸ್‌ಡೆಮ್ ಅನ್ನೋ ಓಪನ್ ಸೋರ್ಸ್ ಸಮ್ಮೇಳನದಲ್ಲಿ ಅದನ್ನು ಮಾಡಿಯೇ ಬಂದೆ. ಹೇಗೆ ಅಂತ ತುಂಬಾ ಜನ ಕೇಳಿದ್ದಕ್ಕೆ ಇದು. ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ), ಲಿಬ್‌ವರ್ಟ್ (ಆ ವಿಎಂಗಳನ್ನು ನಿಭಾಯಿಸುವ ಸಾಧನ) ಸ್ವಲ್ಪ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ನೆಸ್ಟೆಡ್‌ನಲ್ಲಿ, ಅಂದರೆ ವಿಎಂ ಒಳಗೆ ವಿಎಂ ಇಟ್ಟು, ಪ್ರಯತ್ನಿಸಿದೆ. ಲ್ಯಾಪ್‌ಟಾಪ್ ಒಳಗೆ ಎರಡು ವಿಎಂ, ಅವೇ ಹೋಸ್ಟ್. ಕೆಲಸ ಮಾಡಿತು, ಆದರೆ ಕೀಳೋದಕ್ಕೆ ಕೇಬಲ್ ಎಲ್ಲಿದೆ? ಕ್ಲೌಡ್ ಮೆಷಿನ್ ಮೇಲೆ ಮಾಡೋಣ ಅಂದರೆ ಅಲ್ಲಿಯ ವೈಫೈ ನಂಬಬೇಕು. ಫೋಸ್‌ಡೆಮ್‌ನ ಮುಖ್ಯ ವೈಫೈ ಬರೀ ಐಪಿವಿ6 (ಇಂಟರ್ನೆಟ್‌ನ ಹೊಸ ವಿಳಾಸ ಪದ್ಧತಿ), ಹಳೇ ಐಪಿವಿ4ಗೆ ನ್ಯಾಟ್64 ಅನ್ನೋ ಅನುವಾದಕ ದಾಟಿ ಹೋಗಬೇಕು. ನಮ್ಮ ಆಫೀಸಿನ ವಿಪಿಎನ್ ಅದರ ಮೇಲೆ ಏಳೋದೇ ಇಲ್ಲ. ಹಾಗಾಗಿ ಇಂಟರ್ನೆಟ್ಟೇ ಬೇಡ, ಕಬ್ಬಿಣವನ್ನೇ ಹೊತ್ತುಕೊಂಡು ಹೋಗೋಣ ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿಗೆ ಹೋದೆ.

ಎರಡು ಸೆಕೆಂಡ್‌ಹ್ಯಾಂಡ್ ಲೆನೊವೊ ಟೈನಿ (ಪುಟ್ಟ ಡೆಸ್ಕ್‌ಟಾಪ್) ಸಿಕ್ಕವು. ಒಂದರಲ್ಲಿ ಹಳೇ ಐ5-6500ಟಿ ಪ್ರೊಸೆಸರ್, ಇನ್ನೊಂದರಲ್ಲಿ ಹೊಸ ಐ5-8500ಟಿ. ಹಳೇದಕ್ಕೆ ಎಂಟೂವರೆ ಸಾವಿರವೇನೋ, ಹೊಸದಕ್ಕೆ ಹದಿನಾಲ್ಕರ ಹತ್ತಿರ. ಎರಡಕ್ಕೂ 16 ಜಿಬಿ ರ‍್ಯಾಮ್. ಒಂದೇ ಥರದ್ದು ಎರಡು ತಗೊಳ್ಳಿ ಸಾರ್ ಅಂತ ಅಂಗಡಿಯವ ಹೇಳಿದ. ಬೇಕಂತಲೇ ಬೇರೆ ಬೇರೆ ತಗೊಂಡೆ, ನಿಜವಾದ ಡೇಟಾ ಸೆಂಟರ್‌ಗಳಲ್ಲಿ ಎಲ್ಲಾ ಒಂದೇ ಪೀಳಿಗೆಯದು ಇರುತ್ತಾ? ಅದರ ಫಲ ಮನೆಗೆ ಬಂದ ದಿನವೇ ಸಿಕ್ಕಿತು. ಹಳೇದರಿಂದ ಹೊಸದಕ್ಕೆ ವಿಎಂ ಸಲೀಸಾಗಿ ಹೋಯಿತು. ಹೊಸದರಲ್ಲಿ ಹೋಸ್ಟ್-ಮಾಡೆಲ್ (ಹೋಸ್ಟ್‌ನ ಸಿಪಿಯು ಫೀಚರ್‌ಗಳನ್ನೇ ವಿಎಂಗೂ ತೋರಿಸುವ ಆಯ್ಕೆ) ಇಟ್ಟು ಶುರು ಮಾಡಿದ್ದನ್ನು ಹಳೇದಕ್ಕೆ ಕಳಿಸಿದರೆ ಸಿಪಿಯು ಫೀಚರ್ ಇಲ್ಲ ಅಂತ ಜಗಳ. ಎರಡರಲ್ಲೂ ಇರುವ ಫೀಚರ್‌ಗಳ ಪಟ್ಟಿ (ಬೇಸ್‌ಲೈನ್) ಲೆಕ್ಕ ಹಾಕಿಸಿ, ಹಳೇ ಪ್ರೊಸೆಸರ್‌ನ ಪೀಳಿಗೆಯಾದ ಸ್ಕೈಲೇಕ್ ಮಾಡೆಲ್ ಹೆಸರು ಹಾಕಿದ ಮೇಲೆ ಸರಿಹೋಯಿತು. ವಿಎಂನ ಡಿಸ್ಕ್ ಲ್ಯಾಪ್‌ಟಾಪಿನ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಫೈಲ್ ಜಾಗ) ಮೇಲೆ, ಒಂದು ಸಣ್ಣ ಸ್ವಿಚ್ ಮೂಲಕ. ಮೈಗ್ರೇಶನ್‌ಗೆ ಮಾತ್ರ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಹಾಕಿ, ಎರಡು ಮೆಷಿನ್ ಮಧ್ಯೆ ನೇರ ಕೇಬಲ್. ಕೀಳುವುದು ಇದನ್ನೇ. ಅಡಾಪ್ಟರ್ ವಿಷಯದಲ್ಲಿ ಮುನ್ನೂರು ರೂಪಾಯಿ ಉಳಿಸೋಕೆ ಹೋಗಬೇಡಿ. ಡಬ್ಬಿ ಮೇಲೆ ಗಿಗಾಬಿಟ್ ಅಂತ ಇದ್ದದ್ದು 100 ಮೆಗಾಬಿಟ್ ಮೇಲೆ ಏಳಲೇ ಇಲ್ಲ.

ನಿಜವಾಗಿ ತಲೆ ತಿಂದಿದ್ದು ಕೇಬಲ್. ಮೊದಲ ರಿಹರ್ಸಲ್‌ನಲ್ಲಿ ಪೋಸ್ಟ್‌ಕಾಪಿ ಮಧ್ಯೆ ಕಿತ್ತೆ, ವಿಎಂ ನಿಂತಿತು. ಹತ್ತು ಸೆಕೆಂಡ್ ಬಿಟ್ಟು ಚುಚ್ಚಿದೆ. ಏನೂ ಆಗದವರ ಹಾಗೆ ತಾನಾಗಿಯೇ ಮುಂದುವರಿಯಿತು! ಉಳಿಸೋದಕ್ಕೆ ನನಗೆ ಏನೂ ಉಳಿದಿರಲಿಲ್ಲ. ಮೆಷಿನ್‌ಗಳ ಮಧ್ಯೆ ಡೇಟಾ ಸಾಗಿಸುವ ಟಿಸಿಪಿ ಕನೆಕ್ಷನ್ ಅಷ್ಟು ಬೇಗ ಸಾಯುವುದಿಲ್ಲ. ಉತ್ತರ ಬಾರದಿದ್ದರೂ ಸುಮಾರು ಹದಿನೈದು ನಿಮಿಷ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಇಪ್ಪತ್ತು ನಿಮಿಷದ ಮಾತಿನಲ್ಲಿ ಅದು ಸಾಯುವವರೆಗೆ ಕಾಯೋದು ಹೇಗೆ? ಕ್ಯೂಎಮುಗೆ (ವಿಎಂ ಅನ್ನು ಓಡಿಸುವ ಪ್ರೋಗ್ರಾಂ) ಮೈಗ್ರೇಟ್-ಪಾಜ್, ಅಂದರೆ ಮೈಗ್ರೇಶನ್ ತಡೆ, ಅಂತ ಹೇಳಬಹುದು, ಆದರೆ ಅದು ಕಳ್ಳಾಟ. ಕೇಬಲ್ ಕಿತ್ತ ಆರೇಳು ಸೆಕೆಂಡಿನಲ್ಲಿ ಕನೆಕ್ಷನ್ ನಿಜಕ್ಕೂ ಬೀಳುವ ಹಾಗೆ ಮಾಡಿದ್ದೇನೆ. ಹೇಗೆ ಅಂತ ಇಲ್ಲಿ ಹೇಳಲ್ಲ, ಮುಂದಿನ ಮಾತಿಗೆ ಏನಾದರೂ ಬೇಕಲ್ಲ. ಸಿಸ್‌ಸಿಟಿಎಲ್ (ಲಿನಕ್ಸ್ ಕರ್ನಲ್‌ನ ಸೆಟ್ಟಿಂಗ್‌ಗಳು) ಪಟ್ಟಿ ಓದುವ ಅಭ್ಯಾಸ ಇದ್ದವರಿಗೆ ಅರ್ಧ ಉತ್ತರ ಸಿಗುತ್ತದೆ.

ಮಧ್ಯದಲ್ಲಿ ಒಂದು ಹುಚ್ಚಾಟ. 2.5 ಗಿಗಾಬಿಟ್ ಅಡಾಪ್ಟರ್ ಎರಡು ತಂದೆ, ಸುಮಾರು ನಾಲ್ಕು ಸಾವಿರ ಹೋಯಿತು. ಡೆಮೊ ಕೆಟ್ಟಿತು! ವಿಎಂ ಒಳಗೆ ನಾಲ್ಕು ಜಿಬಿ ಮೆಮೊರಿಯನ್ನು ಒಂದೇ ಸಮನೆ ಗಲೀಜು ಮಾಡುವ, ಅಂದರೆ ಬದಲಿಸುತ್ತಲೇ ಇರುವ ಪ್ರೋಗ್ರಾಂ ಓಡುತ್ತಿತ್ತು, ಸೆಕೆಂಡಿಗೆ 200 ಎಂಬಿ ಲೆಕ್ಕದಲ್ಲಿ. ಗಿಗಾಬಿಟ್ ಕೇಬಲ್‌ನಲ್ಲಿ ಹೋಗೋದು 110 ಎಂಬಿ ಆಸುಪಾಸು, ಹಾಗಾಗಿ ಪ್ರೀಕಾಪಿ (ವಿಎಂ ಹಳೇ ಹೋಸ್ಟ್‌ನಲ್ಲೇ ಓಡುತ್ತಿರುವಾಗ ಮೆಮೊರಿಯನ್ನು ಮೊದಲೇ ನಕಲು ಮಾಡೋದು) ಮುಗಿಯುವುದೇ ಇಲ್ಲ. ಪೋಸ್ಟ್‌ಕಾಪಿ ಯಾಕೆ ಬೇಕು ಅಂತ ತೋರಿಸೋದೇ ಅಲ್ಲಿ. 2.5ರಲ್ಲಿ ಪ್ರೀಕಾಪಿ ಆರಾಮಾಗಿ ಮುಗಿದು ಕೂತಿತು. ಅಡಾಪ್ಟರ್‌ಗಳು ಈಗ ಮನೆಯ ಸ್ಟೋರೇಜ್ ಡಬ್ಬಿ ಎನ್‌ಎಎಸ್‌ಗೆ.

ದುಡ್ಡಿನ ವಿಷಯ. ಫೋಸ್‌ಡೆಮ್‌ಗೆ ಪ್ರವೇಶ ಉಚಿತ, ಟಿಕೆಟ್ಟೂ ಇಲ್ಲ, ಹೆಸರು ಬರೆಸೋದೂ ಇಲ್ಲ. ಆದರೆ ನನ್ನ ಪ್ರಯಾಣದ ಖರ್ಚು ನನ್ನದೇ. ಆಫೀಸಿನವರು ರಜೆ ಕೊಟ್ಟರು, ಶುಭಾಶಯ ಕೊಟ್ಟರು. ವಿಮಾನ ಅರವತ್ತು ಸಾವಿರದ ಹತ್ತಿರ. ಷೆಂಗೆನ್ ವೀಸಾ 90 ಯೂರೊ, ಅದರ ಮೇಲೆ ಸೆಂಟರ್‌ನವರ ಚಾರ್ಜು. 30,000 ಯೂರೊ ಕವರ್ ಇರುವ ಇನ್ಶೂರೆನ್ಸ್ ಕಡ್ಡಾಯ, ಅದು ಅಗ್ಗವೇ. ಹಾಸ್ಟೆಲ್ ಹದಿನೈದು ಸಾವಿರ ಚಿಲ್ಲರೆ. ಮೆಷಿನ್ ಸೇರಿ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿರಬೇಕು. ಮೆಷಿನ್‌ಗಳ ಬಿಲ್ ಜೊತೆಗಿರಲಿ. ಸೆಕ್ಯೂರಿಟಿಯಲ್ಲಿ ಎರಡೂ ಹೊರಗೆ ತೆಗೆಸುತ್ತಾರೆ, ಟ್ರಾನ್ಸಿಟ್‌ನಲ್ಲಿ ಮತ್ತೆ ತೆಗೆಸುತ್ತಾರೆ. ಪವರ್ ಬ್ರಿಕ್‌ಗೆ ಎರಡು ಪಿನ್ನಿನ ಯೂರೋಪ್ ವೈರ್ ಇಲ್ಲಿಂದಲೇ ಒಯ್ದೆ, ಇಲ್ಲಿ ನೂರು ರೂಪಾಯಿ.

ಯುಎಲ್‌ಬಿ (ಬ್ರಸೆಲ್ಸ್‌ನ ಒಂದು ವಿಶ್ವವಿದ್ಯಾಲಯ) ಕ್ಯಾಂಪಸ್ಸಿನ ತರಗತಿಗಳೇ ಅಲ್ಲಿ ಸಭಾಂಗಣ. ರೂಮ್ ತುಂಬಿದರೆ ಬಾಗಿಲಿಗೆ ಫುಲ್ ಅಂತ ಬೋರ್ಡ್ ಹಾಕುತ್ತಾರೆ, ಆಮೇಲೆ ಯಾರನ್ನೂ ಬಿಡಲ್ಲ. ನನ್ನ ಮಾತಿಗೆ ಬೋರ್ಡ್ ಬಿತ್ತು, ಹೇಳಿಕೊಳ್ಳಲೇಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಸಿಗುವ ಬಿಡುವು ಐದು ನಿಮಿಷ. ಅದಕ್ಕೇ ಎರಡೂ ಮೆಷಿನ್, ಸ್ವಿಚ್, ಕೇಬಲ್ ಎಲ್ಲಾ ಒಂದು ಪ್ಲೈವುಡ್ ಹಲಗೆಗೆ ವೆಲ್ಕ್ರೋದಿಂದ ಬಿಗಿದಿದ್ದೆ. ಇಟ್ಟೆ, ಪವರ್ ಕೊಟ್ಟೆ, ಎಚ್‌ಡಿಎಂಐ ಚುಚ್ಚಿದೆ.

ಪರದೆಯಲ್ಲಿ ವಿಎಂ ಕೊಡುತ್ತಿದ್ದ ಗಡಿಯಾರದ ಪುಟ, ಪಕ್ಕದಲ್ಲಿ ಮೈಗ್ರೇಶನ್ ಅಂಕಿ. ಪ್ರೀಕಾಪಿ ಸುತ್ತು ಹಾಕುತ್ತಲೇ ಇತ್ತು, ಉಳಿದ ಮೆಮೊರಿ ಇಳಿಯಲಿಲ್ಲ. ಪೋಸ್ಟ್‌ಕಾಪಿಗೆ ಬದಲಾಯಿಸಿದೆ. ಮುಂದಿನ ಸಾಲಿನವರೊಬ್ಬರನ್ನು ಕರೆದು ಕೇಬಲ್ ಕೀಳಿಸಿದೆ. ಗಡಿಯಾರ 17ನೇ ಸೆಕೆಂಡಿನಲ್ಲಿ ನಿಂತಿತು. ಬೇಕಾದ ಮೆಮೊರಿ ಪುಟಗಳು ಇನ್ನೂ ಹಳೇ ಹೋಸ್ಟ್‌ನಲ್ಲೇ ಇವೆ, ವಿಸಿಪಿಯು (ವಿಎಂನ ಸಿಪಿಯು) ಮುಂದೆ ಹೋಗುವುದು ಹೇಗೆ? ಸ್ಥಿತಿ ಫೇಲ್ಡ್ ಅಂತ ಬಂತು. ಆಗ ರೂಮಿನಲ್ಲಿ ಯಾರೋ ನಕ್ಕರು. ಕೇಬಲ್ ವಾಪಸ್ ಚುಚ್ಚಿಸಿ, ಪೋಸ್ಟ್‌ಕಾಪಿ-ರೆಸ್ಯೂಮ್ ಆಯ್ಕೆ ಹಾಕಿ ಅದೇ ವರ್ಶ್ ಮೈಗ್ರೇಟ್ (ಲಿಬ್‌ವರ್ಟ್‌ನ ಕಮಾಂಡ್) ಕೊಟ್ಟೆ. ಗಡಿಯಾರ 17ರಿಂದ ನೇರ 52ಕ್ಕೋ 53ಕ್ಕೋ ಹಾರಿ ಓಡತೊಡಗಿತು. ಚಪ್ಪಾಳೆ ಜೋರಾಗೇ ಬಿತ್ತು. ಲಿಬ್‌ವರ್ಟ್ 8.5ಕ್ಕಿಂತ ಹಳೇದಿದ್ದರೆ ಈ ಆಯ್ಕೆಯೇ ಇರಲ್ಲ, ನೋಡಿಕೊಳ್ಳಿ.

ಪ್ರಶ್ನೆ ಬಂದದ್ದೆಲ್ಲ ಒಂದೇ ಕಡೆಯಿಂದ: ಮಧ್ಯದಲ್ಲಿ ಹಳೇ ಹೋಸ್ಟೇ ಸತ್ತರೆ? ಸತ್ತರೆ ವಿಎಂ ಹೋಯಿತು, ಅದಕ್ಕೆ ಮದ್ದಿಲ್ಲ ಅಂದೆ. ಹೊರಗೆ ಕೊರೆಯುವ ಚಳಿಯಲ್ಲಿ ಫ್ರೈಸ್ ತಿನ್ನುತ್ತಾ ಅದೇ ಚರ್ಚೆ ಇನ್ನೊಂದು ಗಂಟೆ ನಡೆಯಿತು. ರೆಕಾರ್ಡಿಂಗ್ ಹಾಕು ಅಂದಿದ್ದ ಗೆಳೆಯ ಈಗ ಆ ಹಲಗೆ ಕೇಳುತ್ತಿದ್ದಾನೆ. ಬಾಡಿಗೆ ಎಷ್ಟು ಅಂತ ಯೋಚಿಸುತ್ತಿದ್ದೇನೆ.