ಗಾಳ ಹಾಕಕ್ಕೆ ಹೋಗಿ ಬರಿಗೈಲಿ ಬಂದ್ರೂ ಆ ದಿನ ದಂಡ ಅನ್ನಿಸಬಾರ್ದು ಅಂದ್ರೆ ಏನ್ ಮಾಡ್ಬೇಕು

ನಮ್ ತಾತನ ಕಾಲದಲ್ಲಿ ಯುಗಾದಿ ಮುಗಿದ ಮೇಲೆ ಊರೋರೆಲ್ಲ ನಾಯಿ, ಬಲೆ, ದೊಣ್ಣೆ ಹಿಡ್ಕಂಡು ಮೊಲದ ಬೇಟೆಗೆ ಹೋಗ್ತಿದ್ರಂತೆ. ಈಗ ಅದಿಲ್ಲ, ಇರಲೂಬಾರ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಮೊಲ ಹೊಡೆದ್ರೂ ಕೇಸು, ಕೌಜುಗ ಹಿಡಿದ್ರೂ ಕೇಸು. ನಮ್ಮ ತುಮಕೂರು ಕಡೆಯೋರಿಗೆ ಶಿಕಾರಿ ಅಂತ ಉಳ್ದಿರೋದು ಕೆರೆ ದಡ ಮತ್ತೆ ಗಾಳ ಅಷ್ಟೇ. ಆದ್ರೆ ಸುಮಾರು ಹುಡುಗರು ಎರಡು ಸಲ ಹೋಗ್ತಾರೆ, ಮೀನು ಬೀಳಲ್ಲ, ಬೇಜಾರಾಗಿ ಗಾಳದ ಕಡ್ಡಿನ ಅಟ್ಟಕ್ಕೆ ಎಸೀತಾರೆ. ನಾನು ಹನ್ನೆರಡು ವರ್ಷದಿಂದ ಹೋಗ್ತಿದೀನಿ, ಅರ್ಧಕ್ಕರ್ಧ ಸಲ ಚೀಲದಲ್ಲಿ ಏನೂ ಇರಲ್ಲ, ಆದ್ರೂ ಭಾನುವಾರ ಬಂತು ಅಂದ್ರೆ ನಾಲ್ಕು ಗಂಟೆಗೇ ಎಚ್ಚರ ಆಗುತ್ತೆ, ಅದಕ್ಕೆ ಇದನ್ನ ಬರೀತಿದೀನಿ.

ಮೊದಲನೇದು, ಪರ್ಮಿಶನ್. ಕೆರೆಗಳನ್ನ ಮೀನು ಸಾಕಕ್ಕೆ ಟೆಂಡರ್ ಕೊಟ್ಟಿರ್ತಾರೆ, ಮರಿ ಬಿಟ್ಟೋರು ದುಡ್ಡು ಹಾಕಿರ್ತಾರೆ. ಹಿಂದಿನ ದಿನಾನೇ ಹೋಗಿ "ಅಣ್ಣಾ, ನಾಳೆ ಒಂದು ಗಾಳ ಹಾಕ್ಕೊಳ್ಳಾ?" ಅಂತ ಕೇಳಿ. ಬೇಡ ಅಂದ್ರೆ ಬೇರೆ ಕೆರೆ ನೋಡ್ಕೊಳ್ಳಿ. ಕದ್ದು ಕೂತ್ರೆ ಯಾರಾದ್ರೂ ಬೈಕಲ್ಲಿ ಕೆರೆ ಏರಿ ಮೇಲೆ ಬಂದ್ರೂ ಎದೆ ಡವಡವ ಅನ್ನುತ್ತೆ, ಆ ಮನಸ್ಸಲ್ಲಿ ಖುಷಿ ಎಲ್ಲಿಂದ ಬರಬೇಕು. ಕುಡಿಯೋ ನೀರಿನ ಕೆರೆ ಆದ್ರೆ ಆ ಕಡೆ ಹೋಗ್ಲೇಬೇಡಿ.

ಗಾಳಕ್ಕೆ ಸಿಗಿಸೋ ಎರೆ ಹಿಟ್ಟನ್ನ ಹಿಂದಿನ ರಾತ್ರಿನೇ ನೀವೇ ಕಲಸಿ, ಶಿಕಾರಿ ಅಲ್ಲಿಂದಾನೇ ಶುರು. ನಾನು ಎರಡು ಹಿಡಿ ಮೈದಾ, ಒಂದು ಹಿಡಿ ರಾಗಿ ಹಿಟ್ಟು, ಒಂದು ಹಿಡಿ ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಹಾಕ್ತೀನಿ. ಬರೀ ರಾಗಿ ಆದ್ರೆ ನೀರಿಗೆ ಬಿದ್ದ ತಕ್ಷಣ ಬಿಟ್ಕೊಳ್ಳುತ್ತೆ, ಮೈದಾ ಅದನ್ನ ಹಿಡ್ಕೊಳ್ಳುತ್ತೆ, ಹಿಂಡಿ ವಾಸನೆಗೆ ರೋಹು, ಗೆಂಡೆ ಮೀನು ಹತ್ರ ಬರ್ತವೆ. ಪಾವಗಡ ಶಿರಾ ಕಡೆಯೋರಿಗೆ ಹಿಂಡಿ ಹುಡುಕೋ ಕಷ್ಟಾನೇ ಇಲ್ಲ. ತಂಗೂಸಿ ದಾರ, ನೀರಿನ ಮೇಲೆ ತೇಲೋ ಬೆಂಡು, ಸೀಸದ ಗುಂಡು, ನಾಲ್ಕು ಗಾಳ ಇದ್ರೆ ಸಾಕು, ಸಾವಿರಾರು ರೂಪಾಯಿ ರಾಡು ರೀಲು ಮೊದಲನೇ ವರ್ಷಕ್ಕೆ ಬೇಡ. ದುಡ್ಡು ಜಾಸ್ತಿ ಹಾಕಿದಷ್ಟೂ ಮೀನು ಬೀಳಲೇಬೇಕು ಅನ್ನೋ ಹಠ ಜಾಸ್ತಿ ಆಗುತ್ತೆ, ಇದು ನಾನು ಸುಮಾರು ಜನರಲ್ಲಿ ನೋಡಿದೀನಿ.

ಈಗ ಮುಖ್ಯ ವಿಷಯ. ಕೆರೆಗೆ ಹೋದ ತಕ್ಷಣ ಗಾಳ ಎಸೀಬೇಡಿ, ಅರ್ಧ ಗಂಟೆ ಸುಮ್ನೆ ಕೂತು ನೀರು ಓದಿ. ಬೆಳಿಗ್ಗೆ ನೀರಲ್ಲಿ ಆಕ್ಸಿಜನ್ ಕಮ್ಮಿ ಇರುತ್ತೆ, ಪಾಚಿ ಹಸಿರು ಕಟ್ಟಿರೋ ಕೆರೆ ಆದ್ರಂತೂ ರಾತ್ರಿಯೆಲ್ಲ ಪಾಚಿನೂ ಉಸಿರಾಡಿ ಅದನ್ನ ಖಾಲಿ ಮಾಡಿರುತ್ತೆ, ಅದಕ್ಕೇ ಮೀನು ಮೇಲಕ್ಕೆ ಬಂದು ಬಾಯಿ ಪಕಪಕ ಅನ್ನಿಸ್ತಿರ್ತವೆ. ಹೊಸಬರು ಅದನ್ನ ನೋಡಿ ಅಯ್ಯೋ ಎಷ್ಟೊಂದು ಮೀನು ಅಂತ ಅಲ್ಲಿಗೇ ಎಸೀತಾರೆ, ಒಂದೂ ಕಚ್ಚಲ್ಲ, ಉಸಿರಿಗೆ ಒದ್ದಾಡೋ ಜೀವಕ್ಕೆ ಹಿಟ್ಟು ಎಲ್ಲಿ ಬೇಕು. ಬಿಸಿಲು ಏರಿದ ಮೇಲೆ ಸರಿ ಹೋಗುತ್ತೆ. ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬರ್ತಿದ್ರೆ ಕೆಳಗೆ ಗೆಂಡೆ ಕೆಸರು ಕೆದಕ್ತಿರಬಹುದು. ಗಾಳಿ ಯಾವ ದಡದ ಕಡೆ ಬಡೀತಿದೆ ನೋಡಿ, ತೇಲೋ ಹುಳ ಹುಪ್ಪಟೆ ಎಲ್ಲ ಅಲ್ಲಿಗೇ ಸೇರ್ತವೆ. ಕಾಟ್ಲಾ ಮೇಲಿನ ನೀರಲ್ಲಿ ಮೇಯೋದು, ರೋಹು ನಡುವಿನ ನೀರಲ್ಲಿ, ಮೃಗಾಲ್ ತಳದಲ್ಲಿ, ಮೂರನ್ನೂ ಒಟ್ಟಿಗೆ ಬಿಡೋದು ಇದೇ ಕಾರಣಕ್ಕೆ, ಒಂದರ ಊಟಕ್ಕೆ ಇನ್ನೊಂದು ಬಾಯಿ ಹಾಕಲ್ಲ. ಡಿಸೆಂಬರ್ ಜನವರಿ ಚಳಿಗೆ ಇವು ತಿನ್ನೋದೇ ಕಮ್ಮಿ. ಇಷ್ಟು ಗೊತ್ತಿದ್ರೆ ಮೀನು ಬೀಳದ ದಿನ ಯಾಕೆ ಬೀಳ್ಲಿಲ್ಲ ಅನ್ನೋದಾದ್ರೂ ಕೈಗೆ ಸಿಗುತ್ತೆ. ನನ್ನ ಪ್ರಕಾರ ಬೇಜಾರು ಬರೋದು ಬರಿಗೈಗಲ್ಲ, ಕಾರಣ ಗೊತ್ತಾಗದೆ ಎದ್ದು ಬರೋದಕ್ಕೆ.

ಬೆಂಡು ನೋಡೋದೂ ಒಂದು ವಿದ್ಯೆ ಕಣ್ರೀ. ಜಿಲೇಬಿ ಮೀನು (ತಿಲಾಪಿಯಾ) ಕಚ್ಚಿದ್ರೆ ಬೆಂಡು ಟಕಟಕ ಅಂತ ಕುಣಿಯುತ್ತೆ, ಗೆಂಡೆ ಆದ್ರೆ ಸ್ವಲ್ಪ ಮೇಲಕ್ಕೆ ಎದ್ದು ಮೆಲ್ಲಗೆ ಪಕ್ಕಕ್ಕೆ ನಡೆಯುತ್ತೆ, ಹಾವಿನಂಥ ತಲೆ ಇರೋ ಕೊರವ ಮೀನು ಆದ್ರೆ ಹೇಳೋದು ಕೇಳೋದು ಇಲ್ಲ, ಒಂದೇ ಸಲ ಮುಳುಗುತ್ತೆ. ಮೀನು ತಪ್ಪಿಸ್ಕೊಂಡ್ರೂ ಅದು ಯಾವ್ದು ಅಂತ ಹೇಳಕ್ಕೆ ಬಂದ್ರೆ ಅವತ್ತಿನ ಅರ್ಧ ಶಿಕಾರಿ ಆದಂಗೇನೇ.

ಕೊರವ ಅಂದಿದ್ದಕ್ಕೆ ಒಂದು ಮಾತು ಹೇಳ್ಲೇಬೇಕು. 2022ರಲ್ಲಿ ಮಳೆ ಹೊಯ್ದು ನಮ್ಮ ಜಿಲ್ಲೇಲಿ ಕೆರೆಗಳು ಕೋಡಿ ಬಿದ್ವಲ್ಲ, ಆಗ ಕೊರಟಗೆರೆ ಕಡೆ ಒಂದು ಸಣ್ಣ ಕೆರೆಗೆ ನಾನೂ ನಮ್ ಮಾವನೂ ಹೋಗಿದ್ವಿ. ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಒಂದು ತಟ್ಟೆಯಷ್ಟು ಅಗಲಕ್ಕೆ ಏನೋ ಗಿಜಿಗಿಜಿ ಅಂತಿತ್ತು. ನೂರಾರು ಕೊರವದ ಮರಿ, ಉಸಿರಿಗೆ ಮೇಲೆ ಬಂದು ಮತ್ತೆ ಒಳಗೆ ಹೋಗ್ತಿದ್ವು, ಅದರ ಕೆಳಗೇ ದೊಡ್ಡದು ಕಪ್ಪಗೆ ಕಾವಲು ಕಾಯ್ತಾ ಸುತ್ತುತ್ತಿತ್ತು. ಮರಿ ಕಾಯೋ ಟೈಮಲ್ಲಿ ಅದರ ಮುಂದೆ ಏನ್ ಬಿಟ್ರೂ ಸಿಟ್ಟಿಗೇ ಕಚ್ಚುತ್ತೆ, ಹಿಡಿಯೋದು ಬಹಳ ಸುಲಭ. ನಾನು ಗಾಳಕ್ಕೆ ಕಪ್ಪೆ ಸಿಗಿಸಕ್ಕೆ ಹೊರಟೆ. ಮಾವ ಕೈ ಹಿಡ್ಕೊಂಡು "ಬ್ಯಾಡ ಕಣೋ, ಅದನ್ನ ಎತ್ತಿದ್ರೆ ಮರಿ ಒಂದೂ ಉಳಿಯಲ್ಲ" ಅಂದ್ರು. ಕಡ್ಡಿ ಮಡಚಿ ಇಟ್ಟು ಒಂದು ಗಂಟೆ ನೋಡ್ತಾ ಕೂತ್ವಿ. ಜಿಲೇಬಿ ಹತ್ರ ಬಂದ್ರೆ ಆ ದೊಡ್ಡದು ಬಾಣದಂಗೆ ನುಗ್ಗಿ ಓಡ್ಸೋದು. ಅವತ್ತು ಮನೆಗೆ ಒಂದು ಮೀನೂ ತರ್ಲಿಲ್ಲ, ಆದ್ರೆ ನಾನು ಹೋದ ಇಷ್ಟೂ ಶಿಕಾರಿಗಳಲ್ಲಿ ಯಾವ್ದು ಚೆನ್ನಾಗಿತ್ತು ಅಂತ ಕೇಳಿದ್ರೆ ಇದನ್ನೇ ಹೇಳ್ತೀನಿ. ಮಳೆಗಾಲದಲ್ಲಿ ಕೆಂಪು ಮರಿ ಹಿಂಡು ಕಂಡ್ರೆ ದಯವಿಟ್ಟು ಅಲ್ಲಿ ಗಾಳ ಬಿಡ್ಬೇಡಿ.

ಮೀನು ಬಿಟ್ರೆ ಬೇರೆ ಏನಾದ್ರೂ ನೋಡಕ್ಕೂ ಅಭ್ಯಾಸ ಮಾಡ್ಕೊಳ್ಳಿ. ಮಿಂಚುಳ್ಳಿ ಎಷ್ಟು ಸಲ ನೀರಿಗೆ ಧುಮುಕಿ ಎಷ್ಟು ಸಲ ಬರೀ ಕೊಕ್ಕಲ್ಲಿ ವಾಪಸ್ ಬರುತ್ತೆ ಅಂತ ಎಣಿಸಿ, ಅದೂ ಬಹಳ ಸಲ ತಪ್ಪುತ್ತೆ, ಮತ್ತೆ ಅದೇ ಕೊಂಬೆ ಮೇಲೆ ಕೂರುತ್ತೆ. ಶಿರಾ ಕಡೆ ಹೋದ್ರೆ ಕಗ್ಗಲಡು ಊರಲ್ಲಿ ಹುಣಸೆ ಮರದ ಮೇಲೆ ಗೂಡು ಕಟ್ಟೋ ಬಣ್ಣದ ಕೊಕ್ಕರೆ ನೋಡ್ಕೊಂಡು ಬನ್ನಿ, ಅವೂ ಸುತ್ತಮುತ್ತಲ ಕೆರೆ ಮೀನು ನಂಬ್ಕೊಂಡೇ ಮರಿ ಸಾಕೋದು. ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋದೋರು ಹತ್ರದಲ್ಲೇ ಇರೋ ತೀತಾ ಡ್ಯಾಂ ನೋಡಿರ್ತೀರಿ, ಅಲ್ಲಿ ನಿಲ್ಲೋದು ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟೋ ಜಯಮಂಗಲಿ ನೀರು. ನಾವು ಕೂತಿರೋ ಕೆರೆಗೆ ನೀರು ಎಲ್ಲಿಂದ ಬರುತ್ತೆ, ಕೋಡಿ ಬಿದ್ರೆ ಮುಂದೆ ಯಾವ ಕೆರೆಗೆ ಹೋಗುತ್ತೆ ಅಂತ ದನ ಮೇಯಿಸೋ ಅಜ್ಜಂದಿರನ್ನ ಕೇಳಿ, ಬೆಂಡು ಅಲುಗಾಡದೆ ಎರಡು ಗಂಟೆ ಹೋದ್ರೂ ಗೊತ್ತಾಗಲ್ಲ.

ಒಂದು ಎಚ್ಚರಿಕೆ. ಕೆರೆ ಅಂಗಳದಲ್ಲಿ ಜೆಸಿಬಿ ತಂದು ಮಣ್ಣು ತೆಗೆದ ಗುಂಡಿಗಳಿರ್ತವೆ, ನೀರು ತುಂಬಿದ ಮೇಲೆ ಮೇಲಿಂದ ಕಾಣಲ್ಲ, ಮೊಣಕಾಲುದ್ದ ಅಂತ ಇಳಿದ್ರೆ ಮುಂದಿನ ಹೆಜ್ಜೆಗೆ ಎರಡಾಳು ಆಳ. ಗಾಳ ಸಿಕ್ಕಾಕ್ಕೊಂಡ್ರೆ ತಂಗೂಸಿ ಕಿತ್ತು ಹಾಕಿ, ನೀರಿಗೆ ಇಳೀಬೇಡಿ. ಕೈಗೆ ಬಂದ ತುಂಡು ದಾರ ದಡದಲ್ಲಿ ಬಿಡ್ಬೇಡಿ, ಬೆಳ್ಳಕ್ಕಿ ಕಾಲಿಗೆ ಸುತ್ಕೊಂಡ್ರೆ ಅದು ಮತ್ತೆ ಹಾರಲ್ಲ. ಅಂಗೈಗಿಂತ ಚಿಕ್ಕ ಮೀನು ಬಿದ್ರೆ ಕೈ ಒದ್ದೆ ಮಾಡ್ಕೊಂಡು ಬಿಡಿಸಿ ನೀರಿಗೆ ಬಿಡಿ, ಒಣ ಕೈಲಿ ಹಿಡಿದ್ರೆ ಮೈಮೇಲಿನ ಲೋಳೆ ಹೋಗಿ ಕಾಯಿಲೆ ಬೀಳುತ್ತೆ.

ಮನೆಗೆ ಬರೋ ದಾರೀಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ, ಜೊತೆಗೆ ಬಂದೋನ ಹತ್ರ ಅವತ್ತು ಬೆಂಡು ಎಷ್ಟು ಸಲ ಅಲುಗಾಡ್ತು ಅಂತ ಮಾತಾಡ್ಕೊಳ್ಳಿ. ನಾನು ಒಂದು ನೋಟ್‌ಬುಕ್ ಇಟ್ಟಿದೀನಿ, ದಿನ, ಕೆರೆ, ಗಾಳಿ, ಎರೆ, ಕಂಡ ಹಕ್ಕಿ ಎಲ್ಲ ಅದ್ರಲ್ಲಿ ಬರೀತೀನಿ. ನನ್ನ ಮಗಳಿಗೆ ಈಗ ಒಂಬತ್ತು ವರ್ಷ, ಗೇಟ್ ಹತ್ರಾನೇ ನಿಂತಿರ್ತಾಳೆ, ಮೊದಲೆಲ್ಲ "ಎಷ್ಟು ಸಿಕ್ತು ಅಪ್ಪಾ" ಅಂತಿದ್ಲು, ಈಗ "ಇವತ್ತು ಏನ್ ನೋಡ್ದೆ" ಅಂತಾಳೆ.